ಅಮರಾವತಿಯ ದಂಡೆಯ ದೊಡ್ಡ ಗಾಲಿಗಳು

ಉದುಮಲಪೇಟೆಯಿಂದ ಪಳನಿಗೆ ಹೋಗುವ ಹೆದ್ದಾರಿಯಲ್ಲಿ, ಎರಡು ಊರುಗಳ ನಡುವೆ, ಅಮರಾವತಿ ನದಿಯ ಮಗ್ಗುಲಿಗೆ ಮಡತ್ತುಕುಳಂ ಎಂಬ ಊರಿದೆ. ಪಳನಿಯ ಮುರುಗನ ದರ್ಶನಕ್ಕೆ ಹೋಗಿ ಬಂದ ನಮ್ಮವರಲ್ಲಿ ಅನೇಕರು ಈ ಊರನ್ನು ಬಸ್ಸಿನ ಕಿಟಕಿಯಿಂದ ನೋಡಿರುತ್ತಾರೆ. ಇಳಿದು ನೋಡಿದವರು ವಿರಳ. ಹಿಂದೆ ಇದು ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. 2009ರಲ್ಲಿ ತಿರುಪ್ಪೂರು ಜಿಲ್ಲೆ ರೂಪುಗೊಂಡಾಗ ಹೊಸ ಜಿಲ್ಲೆಯ ಪಾಲಿಗೆ ಬಂದು ತಾಲ್ಲೂಕು ಕೇಂದ್ರವೆನಿಸಿತು. ಊರಿನ ಸುತ್ತ ಕುಮಾರಲಿಂಗಂ, ಕೊಳುಮಂ, ಕಣಿಯೂರು, ಕಡತ್ತೂರು, ಚೋಳಮಾದೇವಿ, ಕಾರತ್ತೊಳುವು ಮೊದಲಾದ ಹಳ್ಳಿಗಳು ನದಿಯ ಎರಡು ದಂಡೆಗಳಿಗೂ ಅಂಟಿಕೊಂಡು ಬೆಳೆದಿವೆ. ಕಣ್ಣಾಡಿಪುತ್ತೂರು ಎಂಬುದೂ ಅವುಗಳಲ್ಲಿ ಒಂದು. ತಮಿಳಿನ ಕಣ್ಣಾಡಿ ಎಂದರೆ ನಮ್ಮ ಕನ್ನಡಿಯೇ. ಒಂದೇ ಬೇರಿನ ಎರಡು ಮಾತುಗಳು ಹೀಗೆ ಊರಿನ ಹೆಸರಿನಲ್ಲಿ ಎದುರಾದಾಗ ಗಡಿಯಾಚೆಯ ಕನ್ನಡಿಗನಿಗೆ ಪರಿಚಿತರ ಮುಖ ಕಂಡಂತಾಗುತ್ತದೆ.

ಈ ಸೀಮೆಗೂ ಕನ್ನಡಕ್ಕೂ ಇರುವ ನಂಟು ಹೊಸದಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬೀಳುವವರೆಗೆ ಕೊಯಮತ್ತೂರು ಪ್ರಾಂತ ಮೈಸೂರಿನ ಆಳ್ವಿಕೆಯಲ್ಲಿತ್ತು. ಅನಂತರ ಮದರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆಯಲ್ಲಿ ಕೊಳ್ಳೇಗಾಲವೂ ಒಂದು ತಾಲ್ಲೂಕಾಗಿತ್ತು. ಅದು ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಗಡಿಯ ಗೆರೆ ಬದಲಾಯಿತು, ಮನೆಗಳು ಇದ್ದಲ್ಲಿಯೇ ಉಳಿದವು. ಇಂದಿಗೂ ಕೊಂಗುನಾಡಿನ ದೇವಾಂಗ ನೇಕಾರರ ಮನೆಗಳಲ್ಲಿ, ಒಕ್ಕಲಿಗರ ಮತ್ತು ಅನುಪ್ಪರ ಮನೆಗಳಲ್ಲಿ ಕನ್ನಡದ ಒಂದು ಹಳೆಯ ರೂಪ ಕೇಳಿಬರುತ್ತದೆ. ಶಾಲೆಯಲ್ಲಿ ತಮಿಳು, ಅಂಗಡಿಯಲ್ಲಿ ತಮಿಳು, ಅಡುಗೆಮನೆಯಲ್ಲಿ ಮಾತ್ರ ಕನ್ನಡ.

ಈ ಊರನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಕಡತ್ತೂರಿನ ಅರ್ಜುನೇಶ್ವರ ದೇವಾಲಯವನ್ನೋ ಅಮರಾವತಿಯ ಹಸುರನ್ನೋ ವರ್ಣಿಸುತ್ತಾರೆ. ನಾನು ಹೇಳಹೊರಟಿರುವುದು ಅವೆರಡಕ್ಕಿಂತ ಬಡವಾದ ಒಂದು ವಸ್ತುವನ್ನು ಕುರಿತು: ಇಲ್ಲಿನ ಕಾಲುವೆ ಏರಿಗಳ ಮೇಲೆ, ತೆಂಗಿನ ತೋಟದ ದಾರಿಗಳಲ್ಲಿ, ಸಂತೆಯ ಬಯಲಿನಲ್ಲಿ ಇನ್ನೂ ಅಲ್ಲಲ್ಲಿ ಕಾಣುವ ಎತ್ತರದ ಕಪ್ಪು ಸೈಕಲ್ಲನ್ನು ಕುರಿತು.

ಅಮರಾವತಿ ಹುಟ್ಟುವುದು ಆನೆಮಲೆ ಮತ್ತು ಪಳನಿ ಬೆಟ್ಟಗಳ ಸಂದಿನಲ್ಲಿ. ಉತ್ತರಾಭಿಮುಖವಾಗಿ ಹರಿದು ಮಡತ್ತುಕುಳಂ, ಧಾರಾಪುರಗಳನ್ನು ಹಾದು ಕರೂರಿನ ಆಚೆ ಕಾವೇರಿಯನ್ನು ಸೇರುತ್ತದೆ. ಉದುಮಲಪೇಟೆಯ ದಕ್ಷಿಣಕ್ಕೆ ಬೆಟ್ಟದ ಬುಡದಲ್ಲಿ 1957ರಲ್ಲಿ ಅಣೆಕಟ್ಟು ಕಟ್ಟಿದರು. ಅದಕ್ಕೂ ಮುನ್ನವೇ ಕುಮಾರಲಿಂಗಂ, ಚೋಳಮಾದೇವಿ, ಕಣಿಯೂರು, ಕಡತ್ತೂರುಗಳಿಗೆ ನೀರುಣಿಸುತ್ತಿದ್ದ ಹಳೆಯ ರಾಜಕಾಲುವೆಗಳಿದ್ದವು. ಕಾಲುವೆಯಿದ್ದ ಮೇಲೆ ಏರಿಯಿರಬೇಕು. ಏರಿಯಿದ್ದ ಮೇಲೆ ಅದರ ಮೇಲೊಂದು ಕಾಲುದಾರಿ ಇದ್ದೇ ಇರುತ್ತದೆ. ಬಂಡಿ ಹೋಗದ, ಬಸ್ಸು ಬಾರದ ಈ ಕಿರಿದಾದ ದಾರಿಗಳೇ ದೊಡ್ಡ ಗಾಲಿಯ ಸೈಕಲ್ಲಿನ ನಿಜವಾದ ರಾಜಮಾರ್ಗ. ನೀರು ತಿರುಗಿಸಲು ಹೋಗುವ ರೈತ, ಹಾಲಿನ ಕ್ಯಾನು ತೂಗುಹಾಕಿಕೊಂಡ ಹಾಲಿನವನು, ಎಳನೀರಿನ ಗೊನೆಗಳನ್ನು ಕಟ್ಟಿಕೊಂಡ ವ್ಯಾಪಾರಿ, ಹಾಸುಹೊಕ್ಕಿನ ನೂಲಿನ ಗಂಟನ್ನು ಕ್ಯಾರಿಯರಿಗೆ ಬಿಗಿದ ನೇಕಾರ, ಎಲ್ಲರಿಗೂ ಇದೇ ವಾಹನವಾಗಿತ್ತು. ಕೃಷ್ಣಾಪುರದಲ್ಲಿ ಅಮರಾವತಿ ಸಹಕಾರಿ ಸಕ್ಕರೆ ಕಾರ್ಖಾನೆ ಬಂದ ಮೇಲೆ ಕಬ್ಬು ಅರೆಯುವ ತಿಂಗಳುಗಳಲ್ಲಿ ಪಾಳಿ ಬದಲಾಗುವ ಹೊತ್ತಿಗೆ ಸೈಕಲ್ಲುಗಳ ಸಾಲೇ ಹೊರಡುತ್ತಿತ್ತೆಂದು ಹಿರಿಯರು ನೆನೆಯುತ್ತಾರೆ.

ಇದರ ಗಾಲಿಯ ಅಳತೆ 28 ಅಂಗುಲ. ಟಯರಿನ ಮೇಲೆ 28 × 1½ ಎಂದು ಅಚ್ಚೊತ್ತಿರುತ್ತದೆ. ಅಡ್ಡ ಬಾರು ನೆಲದಿಂದ ಎರಡೂಮುಕ್ಕಾಲು ಅಡಿಯಿಂದ ಮೂರು ಅಡಿಯವರೆಗೆ ಎತ್ತರ. ಮುಂದಿನ ಗಾಲಿಗೆ 32 ಕಡ್ಡಿ, ಹಿಂದಿನದಕ್ಕೆ 40. ತಂತಿಯ ಬ್ರೇಕು ಇದಕ್ಕಿಲ್ಲ. ಕಬ್ಬಿಣದ ಸಲಾಕೆಗಳ ಮೂಲಕ ಎಳೆಯುವ ಕಂಬಿ ಬ್ರೇಕು. ಅದರ ರಬ್ಬರು ತುಂಡುಗಳು ರಿಮ್ಮಿನ ಪಕ್ಕವನ್ನು ಹಿಡಿಯುವುದಿಲ್ಲ, ಒಳಮೈಯನ್ನು ಕೆಳಗಿನಿಂದ ಮೇಲಕ್ಕೆ ಒತ್ತುತ್ತವೆ. ಆದುದರಿಂದಲೇ ಗಾಲಿ ಸ್ವಲ್ಪ ಡೊಂಕಾಗಿದ್ದರೂ ಬ್ರೇಕು ಕೆಲಸಮಾಡುತ್ತದೆ. ಮಳೆಯಲ್ಲಿ ಮಾತ್ರ ಅದನ್ನು ನಂಬುವಂತಿಲ್ಲ.

ಈ ಮಾದರಿ ಇಂಗ್ಲೆಂಡಿನಿಂದ ಬಂದದ್ದು. ಅದಕ್ಕೂ ಹಿಂದಿನ ಕಥೆ ಇನ್ನೂ ಸೋಜಿಗದ್ದು. 1870ರ ದಶಕದ ಸೈಕಲ್ಲುಗಳಿಗೆ ಚೈನು ಇರಲಿಲ್ಲ. ಪೆಡಲು ಮುಂದಿನ ಗಾಲಿಯ ಅಚ್ಚಿಗೇ ಜೋಡಿಸಿರುತ್ತಿತ್ತು. ಒಂದು ತುಳಿತಕ್ಕೆ ಹೆಚ್ಚು ದೂರ ಸಾಗಬೇಕಾದರೆ ಗಾಲಿಯೇ ದೊಡ್ಡದಾಗಬೇಕು. ಹಾಗೆ ಬೆಳೆದು ಬೆಳೆದು ಮುಂದಿನ ಗಾಲಿ ಐವತ್ತು ಅಂಗುಲ ದಾಟಿತು. ಥಾಮಸ್ ಸ್ಟೀವನ್ಸ್ ಎಂಬಾತ ಅಂಥದೊಂದು ಸೈಕಲ್ಲಿನ ಮೇಲೆ 1884ರಿಂದ 1886ರವರೆಗೆ ಭೂಪ್ರದಕ್ಷಿಣೆ ಮಾಡಿದನು. 1886ರಲ್ಲಿ ಲಾಹೋರಿನಿಂದ ಕಲ್ಕತ್ತೆಯವರೆಗೆ ನಮ್ಮ ದೇಶದ ದಾರಿಯನ್ನೂ ತುಳಿದನು. ಚೈನಿನಿಂದ ಹಿಂದಿನ ಗಾಲಿಯನ್ನು ತಿರುಗಿಸುವ ರೋವರ್ ಸೈಕಲ್ಲು 1885ರಲ್ಲಿ ಬಂದಿತು. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟಯರನ್ನು ರೂಪಿಸಿದನು. ಅಲ್ಲಿಗೆ ದೈತ್ಯ ಗಾಲಿಯ ಅಗತ್ಯ ತೀರಿತು. ಆದರೆ ಒರಟು ರಸ್ತೆಗಳಿಗಾಗಿ 28 ಅಂಗುಲದ ಗಾಲಿ ಉಳಿದುಕೊಂಡಿತು. ಇಂಗ್ಲೆಂಡಿನ ಕಾರ್ಖಾನೆಗಳು ಅದನ್ನು ಭಾರತ, ಚೀನಾ, ಆಫ್ರಿಕಗಳಿಗೆ ಕಳುಹಿಸಿದವು. ಸ್ವಾತಂತ್ರ್ಯ ಬಂದ ಮೇಲೆ ಅದೇ ಮಾದರಿ ನಮ್ಮಲ್ಲಿಯೇ ತಯಾರಾಯಿತು. ಮದರಾಸಿನ ಅಂಬತ್ತೂರಿನ ಟಿ. ಐ. ಸೈಕಲ್ಸ್ 1949ರಲ್ಲಿಯೂ, ಸೋನಿಪತ್ತಿನ ಅಟ್ಲಾಸ್ 1951ರಲ್ಲಿಯೂ, ಲೂಧಿಯಾನದ ಹೀರೋ 1956ರಲ್ಲಿಯೂ ಸ್ಥಾಪನೆಯಾದವು. ತಮಿಳುನಾಡಿನ ಹಳ್ಳಿಗಳಿಗೆ ಹೆಚ್ಚಾಗಿ ಬಂದದ್ದು ಅಂಬತ್ತೂರಿನ ಹರ್ಕ್ಯುಲಿಸ್ ಮತ್ತು ಬಿ. ಎಸ್. ಎ. ಹೆಸರಿನವು.

ಅಮೆರಿಕದಲ್ಲಿ ಕ್ರೂಸರ್ ಎಂಬ ಇನ್ನೊಂದು ಜಾತಿ ಬೆಳೆಯಿತು. 1933ರಲ್ಲಿ ಶ್ವಿನ್ ಕಂಪೆನಿ ಉಬ್ಬಿದ ದಪ್ಪ ಟಯರಿನ ಸೈಕಲ್ಲನ್ನು ಮಾರಾಟಕ್ಕೆ ತಂದಿತು. ಅದರ ಗಾಲಿ 26 ಅಂಗುಲದ್ದು, ಟಯರಿನ ಅಗಲ ಎರಡು ಅಂಗುಲಕ್ಕೂ ಮಿಕ್ಕಿದ್ದು. ಕಡಲತೀರದಲ್ಲಿ ನಿಧಾನವಾಗಿ ತುಳಿಯುತ್ತ ವಿಹರಿಸಲು ಹೇಳಿಮಾಡಿಸಿದ್ದು. ಈಚೆಗೆ ಅಲ್ಲಿ 29, 32, ಅಷ್ಟೇಕೆ 36 ಅಂಗುಲದ ಗಾಲಿಗಳ ಸೈಕಲ್ಲುಗಳೂ ವಿಲಾಸಕ್ಕಾಗಿ ತಯಾರಾಗುತ್ತಿವೆ. ಇಲ್ಲೊಂದು ವಿನೋದವಿದೆ. ಇಂದಿನ ಹುಡುಗರು 29 ಎಂದು ಹೆಮ್ಮೆಯಿಂದ ಕೊಳ್ಳುವ ಸೈಕಲ್ಲಿನ ರಿಮ್ಮಿನಲ್ಲಿ ಟಯರು ಕೂರುವ ಜಾಗದ ಅಡ್ಡಳತೆ 622 ಮಿಲಿಮೀಟರು. ಅಜ್ಜನ 28ರದ್ದು 635 ಮಿಲಿಮೀಟರು! ಟಯರಿನ ದಪ್ಪವನ್ನು ಸೇರಿಸಿ ಹೆಸರಿಡುವುದರಿಂದ ಸಂಖ್ಯೆ ಹಿರಿದಾಗಿದೆಯೇ ಹೊರತು ರಿಮ್ಮು ಹಿರಿದಾಗಿಲ್ಲ.

ದೊಡ್ಡ ಗಾಲಿಯಿಂದ ನಿಜವಾಗಿ ಎಷ್ಟು ಲಾಭ? ಲೆಕ್ಕ ಹಾಕಿ ನೋಡೋಣ. 28ರ ಗಾಲಿ ಒಂದು ಸುತ್ತಿಗೆ ಸುಮಾರು 2.23 ಮೀಟರು ಸಾಗುತ್ತದೆ. ಸಾಧಾರಣ 26ರ ಗಾಲಿ 2.07 ಮೀಟರು. ಒಂದು ಕಿಲೋಮೀಟರಿಗೆ ಮೊದಲನೆಯದು ಸುಮಾರು 448 ಸುತ್ತು ಸುತ್ತಿದರೆ ಎರಡನೆಯದು 482 ಸುತ್ತಬೇಕು. ಮುಂದೆ 44 ಹಲ್ಲು, ಹಿಂದೆ 18 ಹಲ್ಲಿನ ಚಕ್ರವಿದ್ದರೆ ದೊಡ್ಡ ಗಾಲಿಯವನು ಒಂದು ಪೂರ್ತಿ ತುಳಿತಕ್ಕೆ ಹೆಚ್ಚುಕಡಿಮೆ ಐದೂವರೆ ಮೀಟರು ಮುಂದೆ ಹೋಗುತ್ತಾನೆ. ಇದು ಸಮತಟ್ಟು ದಾರಿಯಲ್ಲಿ ಸುಖ, ಏರಿನಲ್ಲಿ ಶಿಕ್ಷೆ. ಗೇರು ಬದಲಿಸುವ ಏರ್ಪಾಡಿಲ್ಲದುದರಿಂದ ಏರು ಬಂದಲ್ಲಿ ಇಳಿದು ತಳ್ಳುವುದೇ ಉಪಾಯ. ಅಮರಾವತಿಯ ಬಯಲು ಮಟ್ಟಸವಾಗಿರುವುದರಿಂದ ಇಲ್ಲಿ ಈ ಸೈಕಲ್ಲು ಬೇರೂರಿತು.

ಗುಂಡಿಯ ವಿಚಾರವೂ ಹೀಗೆಯೇ. ಒಂದು ಗೇಣಿನಷ್ಟು, ಅಂದರೆ 20 ಸೆಂಟಿಮೀಟರು ಅಗಲದ ಸಂದಿನಲ್ಲಿ ಮಕ್ಕಳ 20 ಅಂಗುಲದ ಗಾಲಿ ಎರಡು ಸೆಂಟಿಮೀಟರಿನಷ್ಟು ಇಳಿಯುತ್ತದೆ. 28ರ ಗಾಲಿ ಒಂದೂವರೆ ಸೆಂಟಿಮೀಟರಿಗೂ ಕಡಿಮೆ. ಆದರೆ 26ಕ್ಕೂ 28ಕ್ಕೂ ಇರುವ ಅಂತರ ಕೇವಲ ಒಂದು ಮಿಲಿಮೀಟರು. ಹಳೆಯ ಸೈಕಲ್ಲು ಪಲ್ಲಕ್ಕಿಯಂತೆ ತೇಲುತ್ತಿತ್ತೆಂದು ಹಿರಿಯರು ಹೇಳುವ ಮಾತಿನ ಪೂರ್ತಿ ಶ್ರೇಯಸ್ಸು ಗಾಲಿಗೆ ಸಲ್ಲುವಂತಿಲ್ಲ. ಮುಂದಕ್ಕೆ ಬಾಗಿದ ಫೋರ್ಕು, ಉದ್ದನೆಯ ಮೈಕಟ್ಟು, ಸ್ಪ್ರಿಂಗು ಹಾಕಿದ ಅಗಲ ಸೀಟು, ಇವುಗಳಿಗೂ ಅದರಲ್ಲಿ ಪಾಲು ಕೊಡಬೇಕು.

ಆಷಾಢದ ಒಂದು ಮಧ್ಯಾಹ್ನ ನಾನು ಮಡತ್ತುಕುಳದಲ್ಲಿ ಇಳಿದಾಗ ಪಶ್ಚಿಮದ ಗಾಳಿ ಬೀಸುತ್ತಿತ್ತು. ಆಡಿ ತಿಂಗಳ ಗಾಳಿಗೆ ರುಬ್ಬುವ ಕಲ್ಲೂ ಹಾರುತ್ತದೆಂದು ತಮಿಳಿನಲ್ಲಿ ಗಾದೆ. ಪಾಲಕ್ಕಾಡಿನ ಕಣಿವೆಯಿಂದ ನುಗ್ಗುವ ಈ ಗಾಳಿಯನ್ನು ನಂಬಿಯೇ ಉದುಮಲಪೇಟೆಯ ಸುತ್ತ ಗಾಳಿಯಂತ್ರಗಳ ಕಾಡು ಎದ್ದಿದೆ. ಎತ್ತರದ ಸೈಕಲ್ಲಿನ ಮೇಲೆ ನೆಟ್ಟಗೆ ಕುಳಿತವನಿಗೆ ಮಾತ್ರ ಅದು ಶತ್ರು. ಪಶ್ಚಿಮಕ್ಕೆ ಹೋಗುವವರು ಇಳಿದು ತಳ್ಳುತ್ತಿದ್ದರು. ಪೂರ್ವಕ್ಕೆ ಬರುವವರು ಪೆಡಲು ತುಳಿಯದೆಯೇ ಮಹಾರಾಜರಂತೆ ಸಾಗಿಬರುತ್ತಿದ್ದರು.

ರಸ್ತೆಯ ಬದಿಯಲ್ಲಿ ಬೇವಿನ ನೆರಳಿಗೆ ಒಂದು ರಿಪೇರಿ ಅಂಗಡಿ. ಅಂಗಡಿಯೆಂದರೆ ತಗಡಿನ ಮಾಡು, ನೀರಿನ ಬೋಗುಣಿ, ಗಾಳಿಯ ಪಂಪು, ಗೋಡೆಗೆ ತೂಗುಹಾಕಿದ ಹಳೆಯ ಟಯರುಗಳು, ಅಷ್ಟೆ. ಎಪ್ಪತ್ತು ದಾಟಿದ ಯಜಮಾನರು ಒಂದು ಗಾಲಿಯನ್ನು ಮಡಿಲಲ್ಲಿರಿಸಿಕೊಂಡು ಕಡ್ಡಿ ಬಿಗಿಯುತ್ತಿದ್ದರು. ನಾನು ಫೋನಿನಲ್ಲಿ ಮನೆಯವರೊಡನೆ ಆಡಿದ ಕನ್ನಡ ಕಿವಿಗೆ ಬಿದ್ದೊಡನೆ ಅವರು ತಲೆಯೆತ್ತಿ ಕನ್ನಡದಲ್ಲಿಯೇ ಯಾವೂರೆಂದು ವಿಚಾರಿಸಿದರು. ಮನೆಮಾತು ಕನ್ನಡ, ಓದಿದ್ದು ತಮಿಳು. ಕನ್ನಡದ ಅಕ್ಷರ ತಮಗೆ ಬಾರದೆಂದು ಸಂಕೋಚವಿಲ್ಲದೆ ಹೇಳಿದರು. ದೊಡ್ಡ ಗಾಲಿಯ ಗುಣವನ್ನು ನಾನು ಹೊಗಳಿದಾಗ ಅವರು ನಕ್ಕರು.

"ಗಾಲಿ ದೊಡ್ಡದಾದ್ರೆ ಸಾಲ್ದಪ್ಪಾ, ಕಡ್ಡಿ ಬಿಗಿಯಾಗಿರ್ಬೇಕು" ಎಂದರು.

ಆ ಒಂದು ಮಾತಿನಲ್ಲಿ ಯಂತ್ರಶಾಸ್ತ್ರದ ಪಾಠವೇ ಅಡಗಿದೆ. ಗಾಲಿ ಹಿರಿದಾದಷ್ಟೂ ಕಡ್ಡಿ ಉದ್ದವಾಗುತ್ತದೆ. ಉದ್ದವಾದಷ್ಟೂ ಪಕ್ಕಕ್ಕೆ ಬಾಗುವ ಭಯ ಹೆಚ್ಚು. ಭಾರವೆಲ್ಲ ಬೀಳುವ ಹಿಂದಿನ ಗಾಲಿಗೆ ಎಂಟು ಕಡ್ಡಿ ಹೆಚ್ಚಿಗೆ ಕೊಟ್ಟಿರುವುದು ಅದಕ್ಕಾಗಿಯೇ. ಒಂದು ಕಡ್ಡಿ ಸಡಿಲವಾದರೆ ಅದರ ಪಾಲಿನ ಭಾರ ನೆರೆಯ ಕಡ್ಡಿಗಳ ಮೇಲೆ ಬೀಳುತ್ತದೆ, ಅವೂ ಒಂದೊಂದಾಗಿ ಸೋಲುತ್ತವೆ. ಎರಡು ಮೂಟೆ ಹೊತ್ತ ಸೈಕಲ್ಲು ನಡುದಾರಿಯಲ್ಲಿ ಕುಸಿದರೆ ಆ ದಿನದ ಸಂಪಾದನೆ ಹೋದಂತೆಯೇ. ಆದಕಾರಣ ರಿಪೇರಿಯವರ ಕೈಗುಣವನ್ನು ಊರು ವೈದ್ಯರ ಕೈಗುಣದಂತೆ ನೋಡುತ್ತಿತ್ತು.

ಹಿಂದೆ ಈ ಅಂಗಡಿಗಳ ಆದಾಯವೆಲ್ಲ ಬಾಡಿಗೆ ಸೈಕಲ್ಲಿನಿಂದ ಬರುತ್ತಿತ್ತು. ಗಂಟೆಯ ಲೆಕ್ಕದಲ್ಲಿ ಕಾಸು ಕೊಟ್ಟು ಹೆಸರು ಬರೆಸಿ ಒಯ್ಯಬೇಕು. ರಾತ್ರಿ ದೀಪವಿಲ್ಲದೆ ಹೋದರೆ ಪೊಲೀಸಿನವರ ಭಯ, ಇಬ್ಬರು ಕುಳಿತರೆ ಇನ್ನೂ ಹೆಚ್ಚಿನ ಭಯ. ಹುಡುಗರು ಮೊದಲು ಕಲಿಯುತ್ತಿದ್ದುದು ಈ ಬಾಡಿಗೆಯ ದೈತ್ಯನ ಮೇಲೆಯೇ. ಸೀಟಿನ ಮೇಲೆ ಕುಳಿತರೆ ಕಾಲು ಪೆಡಲಿಗೆ ಎಟುಕದು. ಆದ್ದರಿಂದ ಅಡ್ಡ ಬಾರಿನ ಕೆಳಗಿನ ಮುಕ್ಕೋನದ ಸಂದಿಯಲ್ಲಿ ಒಂದು ಕಾಲು ತೂರಿಸಿ, ಮೈಯೆಲ್ಲ ಒಂದು ಕಡೆಗೆ ವಾಲಿಸಿ, ಜೋತಾಡುತ್ತ ತುಳಿಯಬೇಕು. ನಮ್ಮಲ್ಲಿ ಒಳಪೆಡಲು ಎನ್ನುವುದಕ್ಕೆ ತಮಿಳರು ಕುರಂಗು ಪೆಡಲ್, ಎಂದರೆ ಕೋತಿಯ ಪೆಡಲು ಎಂದು ಹೆಸರಿಟ್ಟಿದ್ದಾರೆ. 2024ರಲ್ಲಿ ಇದೇ ಹೆಸರಿನ ತಮಿಳು ಚಲನಚಿತ್ರವೂ ಬಂದಿತು. ಹುಡುಗನೊಬ್ಬ ತನ್ನ ಅಳತೆಗೆ ಮಾಡದ ಯಂತ್ರವನ್ನು ಪಕ್ಕದಿಂದ ಹೊಕ್ಕು ವಶಪಡಿಸಿಕೊಳ್ಳುತ್ತಿದ್ದನು. ಗಡಿಯಾಚೆಯ ನಮ್ಮ ಮಕ್ಕಳು ಅಕ್ಷರವಿಲ್ಲದೆ, ಪುಸ್ತಕವಿಲ್ಲದೆ, ಅಜ್ಜಿಯ ಬಾಯಿಂದಲೇ ಕನ್ನಡ ಕಲಿಯುವುದೂ ಹೆಚ್ಚುಕಡಿಮೆ ಇದೇ ಬಗೆಯದು.

ಆದರೆ ಈ ಯಂತ್ರ ಎಲ್ಲರಿಗೂ ಒಲಿಯಲಿಲ್ಲ. ಹುಡುಗರಿಗಾದರೂ ಒಳಪೆಡಲಿನ ದಾರಿಯಿತ್ತು. ಲಂಗ ದಾವಣಿಯ ಹುಡುಗಿಗೆ, ಸೀರೆಯುಟ್ಟ ತಾಯಿಗೆ ಮೂರಡಿ ಎತ್ತರದ ಅಡ್ಡ ಬಾರು ಒಂದು ಗೋಡೆಯೇ ಆಗಿತ್ತು. ಅವರ ಪಾಲಿಗೆ ಸೈಕಲ್ಲೆಂದರೆ ಹಿಂದಿನ ಕ್ಯಾರಿಯರು ಮಾತ್ರ. ಹಳ್ಳಿಯಿಂದ ಪ್ರೌಢಶಾಲೆಗೆ ನಾಲ್ಕೈದು ಮೈಲಿ. ಅಣ್ಣನಿಗೆ ಸೈಕಲ್ಲುಂಟು, ತಂಗಿಗೆ ಶಾಲೆ ಮುಗಿಯಿತು. ಇಂಥ ಮನೆಗಳು ನಮ್ಮಲ್ಲಿ ಎಷ್ಟಿದ್ದವೆಂಬುದನ್ನು ಓದುಗರು ತಮ್ಮ ತಮ್ಮ ಬಂಧುಗಳನ್ನು ನೆನೆದೇ ಎಣಿಸಿಕೊಳ್ಳಬಹುದು. ಗಾಲಿಯ ಹಿರಿಮೆಯನ್ನು ಹಾಡುವವರು ಈ ಮಾತನ್ನು ಮರೆಯಬಾರದು.

ತಮಿಳುನಾಡಿನಲ್ಲಿ ಆ ಗೋಡೆಯನ್ನು ಕೆಡವುವ ಕೆಲಸ ಎರಡು ಬಾರಿ ದೊಡ್ಡದಾಗಿ ನಡೆಯಿತು. 1990ರ ದಶಕದ ಆರಂಭದಲ್ಲಿ ಪುದುಕ್ಕೋಟ್ಟೈ ಜಿಲ್ಲೆಯ ಸಾಕ್ಷರತಾ ಆಂದೋಲನವು ಹೆಂಗಸರಿಗೆ ಅಕ್ಷರದ ಜೊತೆಗೆ ಸೈಕಲ್ಲನ್ನೂ ಕಲಿಸಿತು. ಹೆಂಗಸರ ಸೈಕಲ್ಲುಗಳು ಸಾಲದೆ ಬಂದಾಗ ಅವರು ಗಂಡಸರ ಎತ್ತರದ ಸೈಕಲ್ಲುಗಳನ್ನೇ ಏರಿದರು. ಅನಂತರ 2001ರ ಸುಮಾರಿನಲ್ಲಿ ಪರಿಶಿಷ್ಟ ಜಾತಿ ಪಂಗಡಗಳ ವಿದ್ಯಾರ್ಥಿನಿಯರಿಗಾಗಿ ಆರಂಭವಾದ ಉಚಿತ ಸೈಕಲ್ಲಿನ ಯೋಜನೆ ಕ್ರಮೇಣ ವಿಸ್ತರಿಸಿ, ಸರಕಾರಿ ಮತ್ತು ಅನುದಾನಿತ ಶಾಲೆಗಳ ಹನ್ನೊಂದನೆಯ ತರಗತಿಯ ಹುಡುಗ ಹುಡುಗಿಯರೆಲ್ಲರಿಗೂ ಬಂದಿತು. ಮಡತ್ತುಕುಳದ ರಸ್ತೆಯಲ್ಲಿ ಸಂಜೆ ಶಾಲೆ ಬಿಡುವ ಹೊತ್ತಿಗೆ ಬಾಗಿದ ಬಾರಿನ ಸೈಕಲ್ಲುಗಳ ಮೇಲೆ ಸಾಲುಗಟ್ಟಿ ಬರುವ ಹುಡುಗಿಯರನ್ನು ಕಂಡಾಗ, ದೊಡ್ಡ ಗಾಲಿಯ ಕಾಲ ಮುಗಿದುದಕ್ಕೆ ಪೂರ್ತಿಯಾಗಿ ವ್ಯಥೆಪಡಲು ಮನಸ್ಸು ಒಪ್ಪುವುದಿಲ್ಲ.

ಹಾಗೆಂದು ನಷ್ಟವೇನೂ ಇಲ್ಲವೆನ್ನಲಾಗದು. ಮೀಟರ್ ಗೇಜಿನ ರೈಲು ಹೋಗಿ, ಪಳನಿ ಪೊಳ್ಳಾಚಿಗಳ ನಡುವೆ 2015ರಲ್ಲಿ ಅಗಲ ಹಳಿ ಬಂದಿತು. ಹೆದ್ದಾರಿಯ ವಾಹನಗಳ ವೇಗ ಹೆಚ್ಚಿತು. ಮನೆಮನೆಗೂ ಮೋಟಾರು ಬೈಕು ಬಂದಿತು. ಯುವಕರಿಗೆ ಇದರಿಂದ ಅನುಕೂಲವಾಯಿತು. ಕಷ್ಟಕ್ಕೆ ಸಿಕ್ಕಿದವರು ಮುದುಕರು. ಅರುವತ್ತು ವರ್ಷ ಸೈಕಲ್ಲು ತುಳಿದವರು ಈಗ ಸಂತೆಗೋ ಆಸ್ಪತ್ರೆಗೋ ಹೋಗಬೇಕಾದರೆ ಮೊಮ್ಮಗನ ಬಿಡುವಿಗೆ ಕಾಯಬೇಕು. ಎತ್ತರದ ಬಾರಿನ ಮೇಲೆ ಕಾಲೆತ್ತಿ ಹಾಕಲು ಮೊಣಕಾಲು ಒಪ್ಪದು. ಒಪ್ಪಿದರೂ ಲಾರಿಗಳ ನಡುವೆ ಹೋಗಬೇಡವೆಂದು ಮನೆಯವರು ತಡೆಯುತ್ತಾರೆ. ಅವರು ತಡೆಯುವುದೂ ತಪ್ಪಲ್ಲ. ರಿಪೇರಿಯ ಯಜಮಾನರು ಹೇಳಿದ ಪ್ರಕಾರ ಅವರ ಬಳಿಗೆ ಬರುವ ದೊಡ್ಡ ಗಾಲಿಗಳಲ್ಲಿ ಹೆಚ್ಚಿನವು ಕಾಲುವೆ ಏರಿಯ ದಾರಿಯವು; ಹೆದ್ದಾರಿಯನ್ನು ಅವು ತಾವಾಗಿಯೇ ಬಿಟ್ಟುಕೊಟ್ಟಿವೆ.

ಗಡಿಗೂ ಈ ಸೈಕಲ್ಲಿಗೂ ಇರುವ ಒಂದು ಸಂಬಂಧವನ್ನು ಇಲ್ಲಿ ಹೇಳಬೇಕು. ಪೂರ್ವ ಆಫ್ರಿಕದ ಕೀನ್ಯಾ ಮತ್ತು ಉಗಾಂಡ ದೇಶಗಳ ನಡುವಣ ಬುಸಿಯಾ ಎಂಬ ಗಡಿಯೂರಿನಲ್ಲಿ, ಎರಡು ಠಾಣೆಗಳ ನಡುವಿನ ದೂರವನ್ನು ದಾಟಿಸಲು ಹುಡುಗರು ಇಂಥದೇ ಕಪ್ಪು ಸೈಕಲ್ಲಿನ ಕ್ಯಾರಿಯರಿಗೆ ಮೆತ್ತೆ ಕಟ್ಟಿ ಜನರನ್ನು ಕೂರಿಸಿ ಒಯ್ಯುತ್ತಿದ್ದರು. ಗಡಿ, ಗಡಿ ಎಂದು ಇಂಗ್ಲಿಷಿನಲ್ಲಿ ಕೂಗುತ್ತಿದ್ದ ಆ ಕೂಗೇ ಬೋಡಾಬೋಡಾ ಎಂಬ ಹೆಸರಾಯಿತೆನ್ನುತ್ತಾರೆ. ಗೆರೆ ಎಳೆದವರು ದೊಡ್ಡವರು; ಗೆರೆ ದಾಟಿಸಿದ್ದು ಬಡವರ ಸೈಕಲ್ಲು.

ಮನೆಯ ಹಿತ್ತಲಲ್ಲಿ ಹಳೆಯ ಸೈಕಲ್ಲು ಉಳ್ಳವರಿಗಾಗಿ ಎರಡು ಮಾತು. ಟಯರು ಕೊಳ್ಳುವಾಗ ಕೇವಲ 28 ಎಂದು ಕೇಳಿದರೆ ಸಾಲದು. 28 × 1½ ಎಂದೋ 635 ಎಂದೋ ಅಚ್ಚಾಗಿರುವುದನ್ನು ನೋಡಿಯೇ ಕೊಳ್ಳಬೇಕು. 622 ಎಂದಿರುವ ಟಯರನ್ನೂ 28ರದೆಂದೇ ಮಾರುತ್ತಾರೆ. ಹದಿಮೂರು ಮಿಲಿಮೀಟರಿನ ಕೊರತೆಯಿಂದಾಗಿ ಅದು ಎಷ್ಟು ಹೆಣಗಿದರೂ ರಿಮ್ಮಿಗೆ ಏರದು. ಬ್ರೇಕು ಉಜ್ಜುವ ರಿಮ್ಮಿನ ಒಳಮೈಯನ್ನು ಬೆರಳಿನಿಂದ ಮುಟ್ಟಿ ನೋಡಬೇಕು. ಅಲ್ಲಿ ತುಕ್ಕು ತಿಂದು ತೆಳುವಾಗಿದ್ದರೆ ಬಣ್ಣ ಬಳಿದು ಪ್ರಯೋಜನವಿಲ್ಲ, ರಿಮ್ಮನ್ನೇ ಬದಲಿಸಬೇಕು. ಮಕ್ಕಳಿಗೆ ಕೊಡುವುದಾದರೆ, ಬಾರಿನ ಮೇಲೆ ನಿಂತಾಗ ಎರಡು ಪಾದಗಳೂ ನೆಲಕ್ಕೆ ತಾಗುವವರೆಗೆ ಕಾಯುವುದು ಲೇಸು. ಒಳಪೆಡಲಿನ ಸಾಹಸವನ್ನು ನಮ್ಮ ಕಾಲದ ರಸ್ತೆಗಳು ಸೈರಿಸಿಕೊಳ್ಳುತ್ತಿದ್ದವು, ಇಂದಿನ ರಸ್ತೆಗಳು ಸೈರಿಸವು.

ಅಟ್ಲಾಸಿನ ಕೊನೆಯ ಕಾರ್ಖಾನೆ 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ಕೆಲಸ ನಿಲ್ಲಿಸಿತು. ಆದರೂ ದೊಡ್ಡ ಗಾಲಿ ಮುಗಿದುಹೋಗಿಲ್ಲ. ಲೂಧಿಯಾನದಿಂದ ಹೊಸವು ಬರುತ್ತಲೇ ಇವೆ. ಮುಗಿಯುತ್ತಿರುವುದು ಕಡ್ಡಿ ಬಿಗಿಯಬಲ್ಲ ಕೈಗಳು. ಮಡತ್ತುಕುಳದ ಯಜಮಾನರ ಮಗ ತಿರುಪ್ಪೂರಿನ ಬನಿಯನ್ ಕಾರ್ಖಾನೆಯಲ್ಲಿದ್ದಾನೆ. ಮೊಮ್ಮಗಳು ಮಾತ್ರ ರಜೆಯಲ್ಲಿ ಬಂದು ಪಕ್ಕದಲ್ಲಿ ಕುಳಿತು ಪಂಕ್ಚರು ಹಾಕುವುದನ್ನು ಕಲಿತಿದ್ದಾಳಂತೆ. ಅವಳ ಸೈಕಲ್ಲು ಸರಕಾರ ಕೊಟ್ಟದ್ದು, ಗಾಲಿ ಚಿಕ್ಕದು. ಕಡ್ಡಿ ಬಿಗಿಯುವ ವಿದ್ಯೆ ಎರಡಕ್ಕೂ ಒಂದೇ.